ಮ್ಯಾತ್ಸ್ ಓದಿ ಮೇಷ್ಟ್ರಾದ್ರೆ ಏನ್ರೀ ತಪ್ಪು?



ಹ್ಯಾರಿಸ್ ಪಾರ್ಕಿನ ವಿಗ್ರಾಮ್ ಸ್ಟ್ರೀಟಲ್ಲಿ ಶನಿವಾರ ಸಂಜೆ ದೋಸೆಗೆ ಕಾಯ್ತಾ ನಿಂತಿರೋ ನಮ್ಮೋರ ಮಾತು ಒಮ್ಮೆ ಕೇಳಿಸ್ಕೊಳ್ಳಿ. ಸೆಲೆಕ್ಟಿವ್ ಸ್ಕೂಲ್ ಪರೀಕ್ಷೆ, ಕೋಚಿಂಗು, ಎಕ್ಸ್‌ಟೆನ್ಶನ್ ಟೂ ಮ್ಯಾತ್ಸು, ಏಟಾರ್ ಎಷ್ಟು ಬಂತು ಅನ್ನೋದು. ಮೆಲ್ಬರ್ನಲ್ಲೂ ಇದೇ ಕಥೆ. ಎಚ್‌ಎಸ್‌ಸಿಯಲ್ಲಿ ಕಡ್ಡಾಯ ಇರೋದು ಇಂಗ್ಲಿಷ್ ಒಂದೇ, ಗಣಿತ ಅಲ್ಲ. ಆದ್ರೂ ನಮ್ಮ ಮಕ್ಕಳಿಗೆ ಗಣಿತಕ್ಕೇ ಟ್ಯೂಷನ್ನು. ಸರಿ, ಒಳ್ಳೇದೇ. ಆದ್ರೆ ಅದೇ ಮಗು "ಯೂನಿವರ್ಸಿಟಿಯಲ್ಲಿ ಗಣಿತಾನೇ ಓದ್ತೀನಿ" ಅಂದ ದಿನ ಮನೇಲಿ ಸೂತಕ! "ಅದನ್ನ ಓದಿ ಏನ್ಮಾಡ್ತೀಯ, ಮೇಷ್ಟ್ರಾಗ್ತೀಯಾ?"

ಆಗ್ಲಿ ಬಿಡಿ! ಈ ಮಿಂಚೆ ಓದೋಕೆ ನೀವು ಬಳಸ್ತಿರೋ ವೈ-ಫೈಯನ್ನೇ ತೊಗೊಳ್ಳಿ. ಕೋಣೆಯ ಗೋಡೆಗಳಿಗೆ ಬಡಿದು ಚೆಲ್ಲಾಪಿಲ್ಲಿಯಾಗೋ ರೇಡಿಯೋ ಅಲೆಗಳನ್ನ ಸಂಭಾಳಿಸೋ ದಾರಿಯೊಂದನ್ನ 1990ರ ದಶಕದಲ್ಲಿ ಕಂಡುಕೊಂಡಿದ್ದು ಇದೇ ಸಿಡ್ನಿಯ ಸಿಎಸ್‌ಐಆರ್‌ಒ ವಿಜ್ಞಾನಿಗಳು. ಅದಕ್ಕೆ 1996ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ತು, ಮುಂದೆ ಕೋಟಿಗಟ್ಟಲೆ ಡಾಲರ್ ಬಂತು. ಅದರ ಹಿಂದಿದ್ದ ಗಣಿತ ಯಾರದ್ದು? 1822ರಲ್ಲಿ ಶಾಖದ ಬಗ್ಗೆ ಪುಸ್ತಕ ಬರೆದ ಫೂರಿಯೇದು. ನಡುವಿನ 170 ವರ್ಷ ಆ ವಿದ್ಯೆಯನ್ನ ಜೀವಂತ ಇಟ್ಟೋರು ಕರಿಹಲಗೆ ಮುಂದೆ ನಿಂತ ಮೇಷ್ಟ್ರುಗಳು. ಯಾವ ಗಣಿತ ಯಾವಾಗ ಬೇಕಾಗುತ್ತೋ ಯಾರಿಗೂ ಗೊತ್ತಿರಲ್ಲ. ಹೇಳಿಕೊಡೋದು ನಿಂತ್ರೆ ಬೇಕಾದಾಗ ಸಿಗಲ್ಲ, ಅಷ್ಟೇ.

ಕೋಚಿಂಗಲ್ಲಿ "ಯಾವ ಸೂತ್ರ ಹಾಕ್ಬೇಕು" ಅಂತ ಕಲಿಸ್ತಾರೆ. ಆ ಸೂತ್ರ ಯಾಕೆ ನಿಜ, ಎಲ್ಲಿ ಕೈಕೊಡುತ್ತೆ ಅಂತ ಕಲಿಸೋದು ವಿಶ್ವವಿದ್ಯಾಲಯದ ಕೆಲಸ. ಲೆಕ್ಕ ಮಾಡೋಕೆ ಯಂತ್ರ ಇದೆ. ಯಂತ್ರ ಕೊಟ್ಟ ಉತ್ತರ ತಪ್ಪು ಅಂತ ಹೇಳೋಕೆ ಮನುಷ್ಯ ಬೇಕು.

ಆಡಳಿತದೋರಿಗೂ ಇದು ಅರ್ಥವಾಗಲ್ಲ. 2008ರಲ್ಲಿ ಸದರ್ನ್ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ಗಣಿತ ವಿಭಾಗಕ್ಕೆ ಕತ್ತರಿ ಹಾಕೋಕೆ ಹೊರಟಾಗ ಬಹಿರಂಗವಾಗಿ ದನಿ ಎತ್ತಿದೋರಲ್ಲಿ ಅಡಿಲೇಡಲ್ಲಿ ಹುಟ್ಟಿದ ಟೆರೆನ್ಸ್ ಟಾವ್ ಒಬ್ಬರು. 2006ರಲ್ಲಿ ಫೀಲ್ಡ್ಸ್ ಪದಕ ಗೆದ್ದೋರು! ಅಂಥೋರಿಗೆ ಅದು ತಮ್ಮ ಕೆಲಸ ಅನ್ನಿಸಿತು. ನಮಗೆ?

ನಮ್ಮ ನಾಡನ್ನೂ ನೋಡಿ. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ "ವ್ಯವಹಾರಗಣಿತ" ಬರೆದ. ಇವತ್ತು ಕನ್ನಡ ಮಾಧ್ಯಮದಲ್ಲಿ ಓದಿ ಬಿಎಸ್‌ಸಿಗೆ ಬರೋ ಹಳ್ಳಿ ಹುಡುಗಿಗೆ ಲಿಮಿಟ್ಟು, ಕಂಟಿನ್ಯೂಟಿ ಎಲ್ಲ ಇಂಗ್ಲಿಷಲ್ಲೇ ಎದುರಾಗುತ್ತೆ. ಲೆಕ್ಕ ಬರ್ತಿದ್ದೋಳು ಬಾಯಿಪಾಠಕ್ಕೆ ಇಳೀತಾಳೆ. ದಡ್ಡತನ ಅವಳದ್ದಲ್ಲ, ಅವಳ ನುಡಿಯಲ್ಲಿ ಬಿಡಿಸಿ ಹೇಳದ ವ್ಯವಸ್ಥೆಯದ್ದು.

ನಮ್ಮಲ್ಲಿ ಇಂಜಿನಿಯರುಗಳಿದ್ದಾರೆ, ಆಕ್ಚುಯರಿಗಳಿದ್ದಾರೆ, ಪಿಎಚ್‌ಡಿ ಮಾಡಿದೋರಿದ್ದಾರೆ. ಮೊದಲ ವರ್ಷದ ಒಂದೊಂದು ಪಾಠವನ್ನ ಒಬ್ಬೊಬ್ಬರು ಕನ್ನಡದಲ್ಲಿ ಹೇಳಿ ವಿಡಿಯೋ ಮಾಡೋಕೆ ಒಂದು ವಾರಾಂತ್ಯ ಸಾಕು. ಮತ್ತೆ ಮನೇಲಿ ಮಗ ಗಣಿತ ಓದ್ತೀನಿ ಅಂದ್ರೆ ತಡೀಬೇಡಿ. ರಾಜ್ಯೋತ್ಸವದ ವೇದಿಕೇಲಿ ಡಾಕ್ಟರಿಗೆ ಹಾಕೋ ಶಾಲನ್ನ ಈ ಸಲ ಒಬ್ಬ ಗಣಿತ ಮೇಷ್ಟ್ರಿಗೂ ಹಾಕಿ ನೋಡೋಣ!