ಹಾರದ ವಿಮಾನಗಳ ಶಾಸ್ತ್ರ

ಇಂಗ್ಲೆಂಡಿನ ಹೇನ್ಸ್ ಎಂಬ ಪ್ರಕಾಶನಸಂಸ್ಥೆಯು ಮೋಟಾರು ದುರಸ್ತಿಯ ಕೈಪಿಡಿಗಳಿಗೆ ಹೆಸರಾದುದು. ವಾಹನವೊಂದನ್ನು ತಂದು, ಪೂರ್ತಿ ಕಳಚಿ, ಮರಳಿ ಜೋಡಿಸಿ, ಕಂಡುದನ್ನು ಬರೆಯುವುದು ಅದರ ಪದ್ಧತಿ. ಅದೇ ಸಂಸ್ಥೆಯು 2012ರಲ್ಲಿ ‘ಸ್ಟಾರ್ ಟ್ರೆಕ್’ ಕಥೆಗಳ ಕ್ಲಿಂಗನ್ ಜನಾಂಗದ ಆಕಾಶನೌಕೆಗೂ ಅಂಥದೇ ಕೈಪಿಡಿಯೊಂದನ್ನು ಹೊರತಂದಿತು. ನೌಕೆ ಇಲ್ಲವೆಂಬುದನ್ನು ಮಾರಿದವನೂ ಬಲ್ಲನು, ಕೊಂಡವನೂ ಬಲ್ಲನು. ಈ ವಿನೋದದಲ್ಲಿ ವಂಚನೆಯಿಲ್ಲ.

ಇದನ್ನು ಪಾಶ್ಚಾತ್ಯರ ಹುಡುಗಾಟವೆಂದು ನಗುವ ಮಹನೀಯರೇ ಕನ್ನಡನಾಡಿನಲ್ಲಿ ಹುಟ್ಟಿದ ಇಂಥದೇ ಇನ್ನೊಂದು ಪುಸ್ತಕವನ್ನು ತಲೆಯ ಮೇಲೆ ಹೊತ್ತು ಮೆರೆಯಿಸುವುದು ಸೋಜಿಗವಲ್ಲವೆ? ಅದು ‘ವೈಮಾನಿಕ ಶಾಸ್ತ್ರ’. ಭರದ್ವಾಜ ಮಹರ್ಷಿಗಳ ಕೃತಿಯೆಂಬುದು ಪ್ರತೀತಿ; ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಯಿಸಿದುದೆಂಬುದು ಇತಿಹಾಸ. ಚಿತ್ರಗಳನ್ನು ತೆಗೆದವರು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರರೊಬ್ಬರು. ಶಕುನ, ಸುಂದರ, ರುಕ್ಮ, ತ್ರಿಪುರವೆಂದು ನಾಲ್ಕು ವಿಮಾನಗಳು. ಚಾಲಕನು ಅರಿಯತಕ್ಕ 32 ರಹಸ್ಯಗಳು. ಲೋಹ, ದರ್ಪಣ, ಆಹಾರ, ಉಡುಪು, ಯಾವುದನ್ನೂ ಬಿಟ್ಟಿಲ್ಲ. ಬಿಟ್ಟುಹೋಗಿರುವುದು ಹಾರಾಟವೊಂದೇ!

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಈ ಗ್ರಂಥವನ್ನು ಪರಿಶೀಲಿಸಿದರು. ಇದರ ಭಾಷೆ ವೈದಿಕವಲ್ಲ, ಆಧುನಿಕ ಸಂಸ್ಕೃತ; ಕಾಲವು 1904ಕ್ಕಿಂತ ಹಿಂದಿನದಾಗಲಾರದು; ಇಲ್ಲಿ ಹೇಳಿದ ನೂಕುಬಲದ ಏರ್ಪಾಡು ಹಾರಾಟಕ್ಕೆ ನೆರವಾಗುವ ಬದಲು ಅಡ್ಡಿಯಾಗತಕ್ಕದು ಎಂದು ಅವರು ನಿರ್ಣಯಿಸಿದರು. ಅದಾಗ್ಯೂ 2015ರಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು ಪ್ರಬಂಧವೊಂದನ್ನು ಓದಲಾಯಿತು! ವಿದ್ಯಾರ್ಥಿಗಳ ಕಿವಿಗೆ ಇದು ಶಾಸ್ತ್ರವೆಂದೇ ಬಿದ್ದಿತು.

ಐವರ ನಿರ್ಣಯವು ಪರದೇಶದ ವಿದ್ಯೆಯಿಂದ ಬಂದ ದರ್ಪವೆಂದು ಆಕ್ಷೇಪಿಸುವವರುಂಟು. ಗಾಳಿಯ ಒತ್ತಡವು ದೇಶಭಾಷೆಗಳನ್ನು ನೋಡಿ ವರ್ತಿಸುವುದಿಲ್ಲ. ಪೂರ್ವಿಕರ ಮಾನವನ್ನು ಕಾಯಹೊರಟವರು ಮೊದಲು ಭಾಸ್ಕರಾಚಾರ್ಯರ ಲೀಲಾವತಿಯನ್ನು ತೆರೆಯಲಿ. ಅಲ್ಲಿಯ ಲೆಕ್ಕವನ್ನು ಶಾಲೆಯ ಬಾಲಕನೂ ಮಾಡಿ ನೋಡಬಲ್ಲನು, ಉತ್ತರವು ತಾಳೆಯಾಗುತ್ತದೆ. ಅಂಥ ಗ್ರಂಥದ ಮಗ್ಗುಲಿಗೆ, ಯಾರೊಬ್ಬರೂ ಕಟ್ಟಿ ಹಾರಿಸದ ಯಂತ್ರದ ಕೈಪಿಡಿಯನ್ನು ಸಮಾನವೆಂದು ಕುಳ್ಳಿರಿಸಿದರೆ ಅವಮಾನವಾಗುವುದು ಭಾಸ್ಕರರಿಗೆ. ಎರಡೂ ಪುರಾತನ ವಿದ್ಯೆಯೇ ಎಂದು ಕಲಿತ ಬಾಲಕನು, ಒಂದು ಸುಳ್ಳೆಂದು ತಿಳಿದ ದಿನ ಮತ್ತೊಂದನ್ನೂ ಮುಚ್ಚಿಡುವನು.

ಸುಬ್ಬರಾಯ ಶಾಸ್ತ್ರಿಗಳ ಪ್ರಾಮಾಣಿಕತೆಯನ್ನು ಇಲ್ಲಿ ಶಂಕಿಸಬೇಕಾಗಿಲ್ಲ. ಅವರು ನುಡಿದುದನ್ನು ಕಲ್ಪನೆಯೆಂದೇ ಅಚ್ಚುಹಾಕಿದ್ದರೆ ಆನೇಕಲ್ಲಿಗೆ ಕೀರ್ತಿಯೇ ಬರುತ್ತಿತ್ತು: ಇಲ್ಲದ ಆಕಾಶನೌಕೆಗೆ ಕೈಪಿಡಿ ರಚಿಸುವುದರಲ್ಲಿ ಅವರು ಹೇನ್ಸ್ ಸಂಸ್ಥೆಗಿಂತ ಸುಮಾರು 90 ವರ್ಷ ಮುಂದಿದ್ದರು.