ಹಂತ ನಾಲ್ಕು ಎಲ್ಲಿ ಹೋಯಿತು?
– ಹನ್ನೊಂದನೇ ತರಗತಿಯ ಕನ್ನಡ ವಿದ್ಯಾರ್ಥಿಗಳು

ಕಿರಿಯ ತರಗತಿಗಳಿಗೆ ಉಪಯೋಗವಾಗಲೆಂದು ರಸಾಯನಶಾಸ್ತ್ರದ ಪ್ರಯೋಗಗಳ ಟಿಪ್ಪಣಿಯನ್ನು ನಾವು ನಾಲ್ವರು ಸೇರಿ ಮಾರ್ಕ್‌ಡೌನ್‌ನಲ್ಲಿ ಬರೆದೆವು. ಮಾರ್ಕ್‌ಡೌನ್ ಎಂದರೆ ಹೆದರಬೇಕಾಗಿಲ್ಲ. ಜಾನ್ ಗ್ರೂಬರ್ 2004ರಲ್ಲಿ ಹೊರತಂದ ಸರಳ ಬರವಣಿಗೆಯ ಕ್ರಮ ಅದು. ನೋಟ್‌ಪ್ಯಾಡಿನಲ್ಲಿ ಸಾಲಿನ ಮುಂದೆ ಹೈಫನ್ ಹಾಕಿ, ಜಾಗ ಬಿಟ್ಟು ಬರೆದರೆ ಸಾಕು, ಚುಕ್ಕೆಯ ಪಟ್ಟಿ ಸಿದ್ಧ.

ಹೈಫನ್ ಬದಲು ನಕ್ಷತ್ರ ಚಿಹ್ನೆ ಅಥವಾ ಕೂಡುವ ಚಿಹ್ನೆಯೂ ನಡೆಯುತ್ತದೆ. ನಾವೋ, ಒಬ್ಬೊಬ್ಬರು ಒಂದೊಂದನ್ನು ಹಿಡಿದೆವು! 2014ರಲ್ಲಿ ಬಂದ ಕಾಮನ್‌ಮಾರ್ಕ್ ನಿಯಮದಂತೆ ನಡುವೆ ಚಿಹ್ನೆ ಬದಲಾದರೆ ಅಲ್ಲಿಂದ ಹೊಸ ಪಟ್ಟಿ ಶುರು. ಇದು ಬರೀ ಅಂದದ ಮಾತು, ಬಿಡಿ.

ಅಂಕಿಗಳದ್ದು ಹಾಗಲ್ಲ. ಎಲ್ಲಾ ಹಂತಕ್ಕೂ 1 ಎಂದೇ ಬರೆದರೂ ಕಂಪ್ಯೂಟರ್ ತಾನೇ ಎಣಿಸುತ್ತದೆ ಎಂದು ನಮ್ಮಲ್ಲೊಬ್ಬ ಹಾಗೇ ಬರೆದ. ಮೂರನೇ ಹಂತದ ಕೆಳಗೆ ಒಂದು ಸೂಚನೆಯನ್ನು ಅಂಚಿಗೇ ಒತ್ತಿ ಸೇರಿಸಿದ. ಪಟ್ಟಿ ಅಲ್ಲಿಗೆ ತುಂಡಾಯಿತು, ಎಣಿಕೆ ಮತ್ತೆ 1ರಿಂದ ಶುರುವಾಯಿತು. ಮೇಲೆ "ಹಂತ 4ರ ಎಚ್ಚರಿಕೆ ನೋಡಿ" ಎಂದಿತ್ತು. ಹಂತ 4 ಎಲ್ಲೂ ಇರಲಿಲ್ಲ. ಆ ಎಚ್ಚರಿಕೆ ಏನು ಗೊತ್ತೇ? ಆಮ್ಲಕ್ಕೆ ನೀರು ಸುರಿಯಬೇಡಿ, ನೀರಿಗೆ ನಿಧಾನವಾಗಿ ಆಮ್ಲ ಸೇರಿಸಿ ಎಂಬುದು. ಪುಣ್ಯಕ್ಕೆ ಕಿರಿಯರ ಕೈಗೆ ಹೋಗುವ ಮೊದಲೇ ಕಣ್ಣಿಗೆ ಬಿತ್ತು.

ಆದ್ದರಿಂದ ಬರೆಯುವ ಮೊದಲೇ ಎಲ್ಲರೂ ಕೂತು ಒಂದು ನಿಯಮ ಒಪ್ಪಿಕೊಳ್ಳಬೇಕೆಂಬುದು ನಮ್ಮ ವಾದ. ಚುಕ್ಕೆಗೆ ಹೈಫನ್ ಒಂದೇ ಇರಲಿ. ನಕ್ಷತ್ರ ಚಿಹ್ನೆಗೆ ಅಕ್ಷರ ದಪ್ಪ ಮಾಡುವ ಬೇರೆ ಕೆಲಸವಿದೆ. ಹಂತಗಳಿಗೆ 1, 2, 3 ಎಂದು ನಿಜವಾದ ಅಂಕಿಯನ್ನೇ ಬರೆಯೋಣ. ನಡುವೆ ಹಂತ ಸೇರಿಸಿದರೆ ಮುಂದಿನದನ್ನೆಲ್ಲ ತಿದ್ದಬೇಕು, ನಿಜ. ಆದರೆ ಕಡತವನ್ನು ಇದ್ದ ಹಾಗೇ ತೆರೆದು ಓದುವವರಿಗೂ ಅರ್ಥವಾಗಬೇಕಲ್ಲ! ಹಂತಕ್ಕೆ ಸೇರಿದ ಸೂಚನೆ, ಒಳಪಟ್ಟಿಗಳನ್ನು ನಾಲ್ಕು ಸ್ಪೇಸ್ ಒಳಗೆ ತಳ್ಳಬೇಕು. ಮೂರು ಸಾಕೆಂದು ಕೆಲವರು ಹೇಳುತ್ತಾರೆ. ಒಂಬತ್ತರ ತನಕ ಸಾಕು. 10ಕ್ಕೆ ಎರಡು ಅಂಕಿ ಬಂದೊಡನೆ ಅದರ ಒಳಪಟ್ಟಿ ಹೊರಗೆ ಬೀಳುತ್ತದೆ.

ಒಂದು ಬೇಸರ ಮಾತ್ರ ಉಳಿದಿದೆ. ಕನ್ನಡ ಟಿಪ್ಪಣಿಗೆ ೧, ೨ ಎಂದು ಆಸೆಯಿಂದ ಬರೆದರೆ ಕಾಮನ್‌ಮಾರ್ಕ್ ಅದನ್ನು ಪಟ್ಟಿಯೆಂದು ಒಪ್ಪುವುದಿಲ್ಲ. 0ಯಿಂದ 9ರ ಅಂಕಿಗಳಷ್ಟೇ ಅದಕ್ಕೆ ಗೊತ್ತು. ಹಂತಗಳೆಲ್ಲ ಒಂದೇ ಪ್ಯಾರಾದಲ್ಲಿ ಅಂಟಿಕೊಳ್ಳುತ್ತವೆ. ಕನ್ನಡ ಅಂಕಿಯೇ ಬೇಕೆನ್ನುವವರು ಪ್ರತಿ ಹಂತದ ನಡುವೆ ಒಂದು ಖಾಲಿ ಸಾಲು ಬಿಡಿ. ನಾವೂ ಸದ್ಯಕ್ಕೆ ಹಾಗೇ ಮಾಡುತ್ತಿದ್ದೇವೆ.