ಕಿಂಡರ್‌ಗಾರ್ಟನ್: ಒಂದು ಪದದ ವಿಚಾರ

ಎಲ್.ಕೆ.ಜಿ., ಯು.ಕೆ.ಜಿ. ಎಂಬ ಮಾತು ಈಗ ಮನೆಮನೆಯಲ್ಲೂ ಉಂಟು. ಅದರೊಳಗಿನ ‘ಕೆ.ಜಿ.’ ಏನೆಂದರೆ ‘ಕಿಂಡರ್‌ಗಾರ್ಟನ್’ ಎನ್ನುವವರು ಹಲವರು. ಆ ಪದವನ್ನು ಬಿಡಿಸಿ ನೋಡಿದವರು ವಿರಳ. ಬಿಡಿಸಿ ನೋಡಿದರೆ ನಾವು ನಾಚಬೇಕಾದೀತೆಂದು ನನ್ನ ಅಭಿಪ್ರಾಯ.

ಇದು ಜರ್ಮನ್ ಭಾಷೆಯ ಸಮಾಸಪದ. ‘ಕಿಂಡರ್’ ಎಂದರೆ ಮಕ್ಕಳು, ‘ಗಾರ್ಟನ್’ ಎಂದರೆ ತೋಟ. ನಮ್ಮ ವ್ಯಾಕರಣದಂತೆ ತತ್ಪುರುಷ ಸಮಾಸ, ಮಕ್ಕಳ ತೋಟ. ಏಕವಚನದ ‘ಕಿಂಡ್’ ಹುಟ್ಟು ಎಂಬರ್ಥದ ಪ್ರಾಚೀನ ಧಾತುವಿನಿಂದ ಬಂದುದು. ನಾವು ಸಂಸ್ಕೃತದಿಂದ ಪಡೆದ ಜನ, ಜಾತ, ಜನ್ಮ ಶಬ್ದಗಳೂ ಅದೇ ಬಳ್ಳಿಯ ಕುಡಿಗಳು. ‘ಗಾರ್ಟನ್’ ಎಂಬುದರ ಮೂಲಾರ್ಥ ಬೇಲಿ ಹಾಕಿದ ಜಾಗ. ಬೇಲಿಯಾದರೋ ಸಸಿಯನ್ನು ಸೆರೆಯಿಡಲಿಕ್ಕಲ್ಲ, ದನ ಮೇಯದಂತೆ ಕಾಯಲಿಕ್ಕೆ.

ಈ ಪದವನ್ನು ಟಂಕಿಸಿದವರು ಫ್ರೀಡ್ರಿಕ್ ಫ್ರೋಬೆಲ್ (1782–1852). ಹರೆಯದಲ್ಲಿ ಅರಣ್ಯಾಧಿಕಾರಿಯೊಬ್ಬರ ಕೈಕೆಳಗೆ ಕೆಲಸ ಕಲಿತವರು. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯರಿಗಾಗಿ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಶಾಲೆ ಎಂಬ ಶಬ್ದವನ್ನು ಬೇಕೆಂದೇ ಬಿಟ್ಟರು. ಹೆಸರು ಬರಿಯ ಅಲಂಕಾರವಲ್ಲ: ಮಕ್ಕಳಿಗೆ ಒಂದೊಂದು ಪುಟ್ಟ ಪಾತಿ ಕೊಟ್ಟು ಗಿಡ ಬೆಳೆಸಲು ಬಿಡುವುದು ಅವರ ಪದ್ಧತಿ. 1851ರಲ್ಲಿ ಪ್ರಷ್ಯದ ಸರ್ಕಾರ ಇಂತಹ ತೋಟಗಳನ್ನು ನಿಷೇಧಿಸಿತು. 1860ರಲ್ಲಿ ಆ ನಿಷೇಧ ತೆರವಾಯಿತು. ಕಾಣಲು ಫ್ರೋಬೆಲರು ಉಳಿದಿರಲಿಲ್ಲ.

ನಮ್ಮಲ್ಲಿ ಯಾರೂ ನಿಷೇಧಿಸಲಿಲ್ಲ. ಹೆಸರನ್ನಿಟ್ಟುಕೊಂಡು ತೋಟವನ್ನು ಕಿತ್ತುಹಾಕಿದೆವು, ಅಷ್ಟೆ. ನನ್ನ ಅಕ್ಕನ ಮಗಳಿಗೆ ನಾಲ್ಕು ವರ್ಷ. ಸಂಜೆ ಆಡಲು ಕರೆದರೆ “ಹೋಮ್‌ವರ್ಕ್ ಇದೆ ಮಾಮ” ಎನ್ನುತ್ತಾಳೆ. ಸಸಿ ಬೇಗ ಎತ್ತರವಾಗಲೆಂದು ಅದರ ತುದಿ ಹಿಡಿದು ಜಗ್ಗುವ ತೋಟಗಾರನನ್ನು ಯಾರಾದರೂ ಕಂಡಿದ್ದಾರೆಯೆ?

ಇನ್ನೊಂದು ಸ್ವಾರಸ್ಯವುಂಟು. 1975ರಲ್ಲಿ ನಮ್ಮ ದೇಶದಲ್ಲಿ ಪ್ರಾರಂಭವಾದ ಅಂಗನವಾಡಿಯ ಹೆಸರನ್ನು ಗಮನಿಸಿ. ‘ಅಂಗನ’ ಎಂದರೆ ಅಂಗಳ. ‘ವಾಡಿ’ಯ ಹಿಂದಿರುವುದು ಸಂಸ್ಕೃತದ ‘ವಾಟಿಕಾ’. ಅರ್ಥ, ಆವರಣವುಳ್ಳ ತೋಟ. ಅಂದಮೇಲೆ ಫ್ರೋಬೆಲರ ಪದದ ತಿರುಳು ನಮ್ಮ ಹಳ್ಳಿಯ ಬಡ ಅಂಗನವಾಡಿಯ ಹೆಸರಿನಲ್ಲಿ ಇನ್ನೂ ಹಸಿರಾಗಿದೆ. ಆದರೂ ಅದಕ್ಕೆ ಮಗುವನ್ನು ಕಳುಹಿಸುವುದು ಅಗೌರವವೆಂದೂ, ಅರ್ಥವರಿಯದ ಎರಡಕ್ಷರಕ್ಕೆ ಸಾವಿರಾರು ರೂಪಾಯಿ ತೆರುವುದು ಪ್ರತಿಷ್ಠೆಯೆಂದೂ ಭಾವಿಸುತ್ತೇವೆ!

ನಮ್ಮಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು, ಬಹುಮಂದಿ ತಾಯ್ತಂದೆಗಳಾಗುವವರು. ಪದವನ್ನು ಎರವಲು ತಂದವರು ಅದರ ಅರ್ಥಕ್ಕೂ ಋಣಿಗಳು. ಆ ಋಣ ತೀರಿಸಲು ದೊಡ್ಡ ಕಟ್ಟಡ ಬೇಡ. ಒಂದಿಷ್ಟು ಮಣ್ಣು, ಒಂದಿಷ್ಟು ನೀರು, ಕಾಯುವ ತಾಳ್ಮೆ ಸಾಕು.